ಕರಡಿ ಸಮಾಧಾನಪ್ಪನ ಎರಡನೆಯ ಸಾಕ್ಷಿ

ಒಂದು ಕಾಡಿನಲ್ಲಿ ಸಮಾಧಾನಪ್ಪ ಎಂಬ ಕರಡಿ ಇದ್ದ. ಹೆಸರಿಗೆ ಮಾತ್ರ ಸಮಾಧಾನ, ಎದೆಯಲ್ಲಿ ಅದರ ಸುಳಿವೂ ಇರಲಿಲ್ಲ. ಮರಿಯಾಗಿದ್ದಾಗ ಕಾಡ್ಗಿಚ್ಚಿನಲ್ಲಿ ತಾಯಿಯನ್ನು ಕಳೆದುಕೊಂಡವನು ಅವನು. ಅಂದಿನಿಂದ ಒಣ ಎಲೆ ಚಟಪಟ ಎಂದರೂ ಸಾಕು, ಕೈಕಾಲು ತಣ್ಣಗಾಗುತ್ತಿದ್ದವು. ಆ ಅಂಜಿಕೆಗೆ ಅವನು ಒಂದು ಮದ್ದು ಕಂಡುಕೊಂಡಿದ್ದ. ಬೇಸಿಗೆಯಲ್ಲಿ ಇಪ್ಪೆ ಹೂ ಉದುರಿ, ಬಂಡೆಯ ಗುಂಡಿಗಳಲ್ಲಿ ನಿಂತ ನೀರಿಗೆ ಬಿದ್ದು ಹುಳಿತು ಹೆಂಡದಂತಾಗುತ್ತಿತ್ತು. ಅದನ್ನು ಹೊಟ್ಟೆ ತುಂಬ ಕುಡಿದರೆ ಬೆಂಕಿ ಮರೆತುಹೋಗುತ್ತಿತ್ತು. ಎಚ್ಚರವಾದಾಗ ಅಂಜಿಕೆ ಇಮ್ಮಡಿಯಾಗಿ ಪಕ್ಕದಲ್ಲೇ ಕೂತಿರುತ್ತಿತ್ತು.

ಆ ಕಾಡಿನ ಪ್ರಾಣಿಗಳಿಗೆ ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಯೇಸುಸ್ವಾಮಿಯ ಮೇಲೆ ಬಲು ಅಭಿಮಾನ. ಮನುಷ್ಯರು ಜಾಗ ಇಲ್ಲ ಎಂದಾಗ ಜಾಗ ಕೊಟ್ಟವರು ನಮ್ಮವರಲ್ಲವೇ ಎಂದು ಹೇಳಿಕೊಳ್ಳುತ್ತಿದ್ದವು. ಪ್ರತಿ ಭಾನುವಾರ ಬೆಳಿಗ್ಗೆ ಹಾಸುಬಂಡೆಯ ಮೇಲೆ ಸಭೆ ಸೇರುತ್ತಿತ್ತು. ಹಾಡು ಮುಗಿದ ಮೇಲೆ ಯಾರಾದರೂ ಎದ್ದು, ಸ್ವಾಮಿ ತಮಗೆ ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಹೇಳುತ್ತಿದ್ದರು. ಅದಕ್ಕೆ ಸಾಕ್ಷಿ ಎಂದು ಹೆಸರು.

ಒಂದು ಭಾನುವಾರ ಸಮಾಧಾನಪ್ಪ ಎದ್ದು ನಿಂತ. "ಇಪ್ಪತ್ತು ದಿನ ಆತು, ನಾ ಇಪ್ಪೆ ನೀರು ಮುಟ್ಟಿಲ್ಲ. ಸ್ವಾಮಿನ್ನ ಕರದು ಕರದು ಒಂದೊಂದು ದಿನ ದಾಟೇನಿ. ನಾಳಿಂದು ನನಗ ಗೊತ್ತಿಲ್ಲ," ಎಂದ.

ಸಭೆಯ ಹಿರಿಯ ಜ್ಞಾನಪ್ಪ ಎಂಬ ಮುಸುವ. ಅವನ ಬಾಲ ಉದ್ದ, ಪ್ರಾರ್ಥನೆ ಅದಕ್ಕಿಂತ ಉದ್ದ. ಕರಡಿಯ ಕೊನೆಯ ಮಾತು ಅವನ ಕಿವಿಗೆ ಬೀಳಲೇ ಇಲ್ಲ. "ಕೇಳಿದ್ರ್ಯಾ? ಪೂರಾ ಬಿಡುಗಡಿ! ಇನ್ನ ಈ ಕರಡಿ ಸಾಯೂತನಕ ಬೀಳೂದಿಲ್ಲ!" ಎಂದು ಕೊಂಬೆಯಿಂದ ಕೊಂಬೆಗೆ ಹಾರಿ ಕೂಗಿದ. ಸಭೆ ಚಪ್ಪಾಳೆ ತಟ್ಟಿತು. ಸುದ್ದಿ ಹಬ್ಬಿತು. ಪಕ್ಕದ ಗುಡ್ಡದ ಪ್ರಾಣಿಗಳೂ ಆ ಕರಡಿಯನ್ನು ನೋಡಲು ಬಂದವು. ಸಭೆ ತುಂಬಿದ್ದನ್ನು ಕಂಡು ಜ್ಞಾನಪ್ಪ ಹಿಗ್ಗಿ ಹೀರೇಕಾಯಿಯಾದ.

ಸಭೆ ನಡೆಯುವಾಗ ಎಲ್ಲರ ಮರಿಗಳನ್ನು ಹಾಸುಬಂಡೆಯ ಕೆಳಗಿನ ಗವಿಯಲ್ಲಿ ಬಿಡುವುದು ಅಲ್ಲಿನ ರೂಢಿ. ಗವಿಗೆ ಒಂದೇ ಬಾಯಿ. ಅದಕ್ಕೆ ಕಾವಲು ಕೂರುವ ಗೌರವ ಈಗ ಸಮಾಧಾನಪ್ಪನಿಗೆ ಬಂತು. ಕೌಜುಗದ ಹಕ್ಕಿ ರೂತಮ್ಮ ತನ್ನ ಆರು ಮರಿಗಳನ್ನು ತಂದು ಬಿಟ್ಟು, "ಅಣ್ಣಾ, ನೀ ಕುಂತಿ ಅಂದ್ರ ನನಗ ಚಿಂತಿ ಇಲ್ಲ," ಎಂದಳು. ಅವನಿಗೆ ಕಣ್ಣು ತುಂಬಿ ಬಂತು. ಅಷ್ಟು ನಂಬಿಕೆಯಿಂದ ಅವನೊಡನೆ ಯಾರೂ ಮಾತಾಡಿರಲಿಲ್ಲ.

ಆ ವಾರವೇ ಗುಡ್ಡದಾಚೆ ಹೊಗೆ ಎದ್ದಿತು. ಯಾರೋ ಹುಲ್ಲು ಸುಡುತ್ತಿದ್ದರು, ಅಷ್ಟೇ. ಆದರೆ ಸಮಾಧಾನಪ್ಪನಿಗೆ ಅಷ್ಟೇ ಸಾಕಾಯಿತು. ಕಾಲುಗಳು ತಾವಾಗಿಯೇ ಅವನನ್ನು ಬಂಡೆಯ ಗುಂಡಿಗೆ ಒಯ್ದವು. ಕುಡಿದ. ತಲೆ ಎತ್ತಿದಾಗ ಎದುರಿಗೆ ಮಿತ್ರಪ್ಪ ಎಂಬ ನರಿ ನಿಂತಿದ್ದ. ಮಾಂಸ ಬಿಟ್ಟಿದ್ದೇನೆಂದು ಹೇಳಿಕೊಂಡು ಸಭೆಯ ಮೊದಲ ಸಾಲಿನಲ್ಲಿ ಕೂತು, ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎನ್ನುತ್ತಿದ್ದವನು ಇವನೇ.

"ಅಂಜಬ್ಯಾಡ ಸಮಾಧಾನಣ್ಣ. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ," ಎಂದ ನರಿ. "ಗೆಳೆಯಾ ಅಂತ ಇರೂದು ಯಾತಕ್ಕ?"

ಮರುಭಾನುವಾರ ಸಭೆಯ ನಡುವೆ, ರೋಗಿಗಳನ್ನು ನೋಡಿ ಬರುತ್ತೇನೆಂದು ಎದ್ದ ನರಿ ನೇರ ಗವಿಗೆ ಬಂದ. "ಇಪ್ಪೆ ಗುಂಡಿ ತುಂಬೈತಿ. ಹೋಗಿ ಎರಡು ಗುಟುಕು ಕುಡದು ಬಾ. ಕಾವಲು ನಾ ಕುಂಡ್ರತೀನಿ."

"ಬ್ಯಾಡಪಾ. ಮರಿ ಅದಾವ."

"ಒಲ್ಲೆ ಅಂದ್ರ ಬಿಡು. ಮ್ಯಾಲೆ ಹೋಗಿ ನಾನೂ ಒಂದು ಸಾಕ್ಷಿ ಹೇಳತೀನಿ. ನಿಂದ."

ಸಮಾಧಾನಪ್ಪ ಹೋದ. ನಾಚಿಕೆಗೆ ಹೆದರಿದವನು ಎಲ್ಲಿಗೆ ಕರೆದರೂ ಹೋಗುತ್ತಾನೆ. ತಿರುಗಿ ಬಂದಾಗ ರೂತಮ್ಮನ ಮರಿಗಳು ಐದೇ ಇದ್ದವು. ನರಿ ಮೂತಿ ಒರೆಸಿಕೊಳ್ಳುತ್ತ, "ಗಿಡಗ ಒಯ್ತು ಅನ್ನು. ಖರೇ ಹೇಳಿದ್ರ ಕುಡದಾಂವ ಯಾರು ಅಂತ ಮೊದಲ ಕೇಳತಾರ," ಎಂದ. ಕರಡಿ ಗಿಡುಗದ ಕತೆಯನ್ನೇ ಹೇಳಿದ. ರೂತಮ್ಮ ಆಕಾಶದ ಕಡೆ ನೋಡಿ ಅತ್ತಳು. ಅವನಿಗೆ ಸಾಂತ್ವನವನ್ನೂ ಅವಳೇ ಹೇಳಿದಳು.

ಅದು ತಡೆಯಲಾಗದೆ ಅವನು ಜ್ಞಾನಪ್ಪನ ಮರದ ಕೆಳಗೆ ಹೋಗಿ ನಿಂತ. "ಹಿರಿಯರ, ನಾ ಮತ್ತ ಬಿದ್ದೇನಿ. ಎಲ್ಲಾರ ಮುಂದ ಹೇಳಬೇಕು."

"ಷ್! ಮೆಲ್ಲಕ," ಎಂದ ಮುಸುವ. "ಈ ವಾರ ಮೂರು ಗುಡ್ಡದವರು ಬರೋರದಾರ. ನಿನ್ನ ಸಾಕ್ಷಿ ಕೇಳಾಕಂತನ. ಅದನ್ನ ನೀನ ಕೆಡಸತಿಯೇನು? ಮನಸಿನಾಗ ಪ್ರಾರ್ಥನಿ ಮಾಡ್ಕೋ. ಹೋಗು."

ಹೇಗೆ ಬಿದ್ದೆ ಎಂದು ಕೇಳಲಿಲ್ಲ. ಯಾವಾಗ ಎಂದೂ ಕೇಳಲಿಲ್ಲ. ಕೇಳಿದ್ದರೆ ಒಂದು ಜೀವ ಉಳಿಯುತ್ತಿತ್ತು. ಮುಂದಿನ ಭಾನುವಾರ ನರಿ ಮತ್ತೆ ಬಂದ. ಕರಡಿ ಮತ್ತೆ ಹೋದ. ಮರಿಗಳು ನಾಲ್ಕಾದವು. ಈ ಸಲವೂ ಗಿಡುಗದ ತಲೆಗೇ ಕಟ್ಟಿದರು.

ಆ ವಾರವಿಡೀ ಸಮಾಧಾನಪ್ಪ ಏನೂ ತಿನ್ನಲಿಲ್ಲ. "ಸ್ವಾಮೀ, ನನಗ ಬೆಂಕಿಗಿಂತ ಈಗ ನರೀದ ಅಂಜಿಕಿ ಜಾಸ್ತಿ ಆಗೇತಿ. ನನ್ನನ್ನ ಬಿಡಸು," ಎಂದು ಬೇಡಿಕೊಂಡ. ಆಕಾಶದಿಂದ ಯಾವ ಧ್ವನಿಯೂ ಬರಲಿಲ್ಲ. ಬಂದಿದ್ದರೆ ಕತೆ ಹೇಳಲು ನನಗೂ ಸುಲಭವಾಗುತ್ತಿತ್ತು. ಬಂದದ್ದು ಭಾನುವಾರ.

ಮೇಲೆ ಬಂಡೆಯ ಮೇಲೆ ಹಾಡು ಶುರುವಾಯಿತು. ಕೆಳಗೆ ನರಿ ಬಂದ. "ನಡಿ, ನಡಿ. ಹೊತ್ತಾತು," ಎಂದ. ಈಗ ಬೆದರಿಸುವ ಕಷ್ಟವನ್ನೂ ಅವನು ತೆಗೆದುಕೊಳ್ಳುತ್ತಿರಲಿಲ್ಲ. ಸಮಾಧಾನಪ್ಪ ಎದ್ದು ಹತ್ತು ಹೆಜ್ಜೆ ನಡೆದ. ಗಾಳಿಯಲ್ಲಿ ಇಪ್ಪೆಯ ವಾಸನೆ ಬಂತು, ಬಾಯಲ್ಲಿ ನೀರೂರಿತು. ಅಷ್ಟರಲ್ಲಿ ಗವಿಯೊಳಗಿಂದ ಒಂದು ಪುಟ್ಟ ಧ್ವನಿ ಕೇಳಿತು. "ಮಾಮಾ, ನೀ ಹೋದ ಕೂಡಲೇ ಗಿಡಗ ಬರತೈತಿ. ಹೋಗಬ್ಯಾಡೋ."

ಮರಿಗೆ ಗಿಡುಗವೆಂದರೆ ಯಾರೆಂದು ಗೊತ್ತಿಲ್ಲ. ಬೂದುಬಣ್ಣದ, ಉದ್ದ ಮೂತಿಯ ಪ್ರಾಣಿಗೇ ಗಿಡುಗ ಎನ್ನುತ್ತಾರೆಂದು ಅದು ತಿಳಿದುಕೊಂಡಿತ್ತು. ಸಮಾಧಾನಪ್ಪನಿಗೆ ಕೇಳಿದ್ದು, ಆ ಪುಟ್ಟ ಬಾಯಲ್ಲಿ ಬಂದ ತನ್ನದೇ ಸುಳ್ಳು.

ಅವನು ತಿರುಗಿ ಓಡಿದ. ನರಿಯ ಅರ್ಧ ಮೈ ಆಗಲೇ ಗವಿಯ ಒಳಗಿತ್ತು. ಕರಡಿ ಅವನ ಬಾಲವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದ.

"ಬಿಡು! ಬಿಡದಿದ್ರ ಎಲ್ಲಾ ಹೇಳಿಬಿಡತೀನಿ!" ಎಂದು ನರಿ ಚೀರಿದ.

"ನೀ ಯಾಕ ತ್ರಾಸ ತಗೋತಿ? ನಾನ ಹೇಳತೀನಿ," ಎಂದ ಸಮಾಧಾನಪ್ಪ. ಮೇಲೆ ಮುಖ ಮಾಡಿ, ಹಾಡು ನಿಂತುಹೋಗುವಷ್ಟು ಜೋರಾಗಿ ಕೂಗಿದ. "ಕೇಳ್ರೆಪಾ! ನಾ ಕುಡದೇನಿ! ಬಿಡುಗಡಿ ಆತಂದಿದ್ದು ಸುಳ್ಳು! ಗಿಡಗ ಅಂದಿದ್ದೂ ಸುಳ್ಳು! ರೂತಮ್ಮನ ಎರಡು ಮರಿ ನನ್ನ ಕಾವಲಿನಾಗ ಹೋದವು! ತಿಂದಾಂವ ಇಲ್ಲೆ ಕೈಯಾಗ ಅದಾನ!"

ಸಭೆಯೆಲ್ಲ ದಡದಡನೆ ಇಳಿದು ಬಂತು. ನರಿ ಕೊನೆಯ ಆಟ ಹೂಡಿದ. "ನನ್ನ ಮಾತು ಕೇಳ್ರಿ! ಈ ಕರಡಿ ಕುಡುಕ! ಸುಳ್ಳುಗಾರ!"

"ಅದನ್ನ ಅಂವ ಈಗ ತಾನ ಹೇಳ್ಯಾನ," ಎಂದಳು ರೂತಮ್ಮ. "ನೀ ಬ್ಯಾರೆ ಏನಾರ ಹೇಳು."

ಹೇಳಲು ನರಿಯ ಬಳಿ ಬೇರೆ ಏನೂ ಇರಲಿಲ್ಲ. ಅವನ ಅಂಗಡಿಯಲ್ಲಿದ್ದದ್ದು ಅದೊಂದೇ ಸರಕು. ಪ್ರಾಣಿಗಳು ಮೇಲೆ ಬಿದ್ದವು. ನರಿ ಬಾಲವನ್ನು ಕರಡಿಯ ಕೈಯಲ್ಲೇ ಬಿಟ್ಟು, ಕಿವಿ ಹರಿದುಕೊಂಡು, ಕುಂಟುತ್ತ ಕಾಡು ಬಿಟ್ಟು ಓಡಿದ. ಪಕ್ಕದ ಗುಡ್ಡದವರೂ ಅವನನ್ನು ಹತ್ತಿರ ಸೇರಿಸಲಿಲ್ಲ. ಕುಂಟು ಕಾಲಿಗೆ ಬೇಟೆ ಸಿಗದೆ, ಹಸಿದು, ಬೇಸಿಗೆ ಮುಗಿಯುವ ಮೊದಲೇ ಸತ್ತ.

ಇಲ್ಲಿಗೆ ಎಲ್ಲ ಸುಖವಾಯಿತು ಎಂದರೆ ನಾನೂ ಜ್ಞಾನಪ್ಪನಂತೆ ಆಗುತ್ತೇನೆ. ಅವನು ಆಗಲೇ, "ಈ ಮಾತು ಗುಡ್ಡ ದಾಟಬಾರದು," ಎಂದು ಪಿಸುಗುಟ್ಟುತ್ತ ತಿರುಗುತ್ತಿದ್ದ. ಒಬ್ಬೊಬ್ಬರೇ ತಮ್ಮ ಮರಿಗಳನ್ನು ಕರೆದುಕೊಂಡು, ಕರಡಿಯ ಹತ್ತಿರ ಸುಳಿಯದೆ ದೂರದಿಂದ ಹೋದರು. ರೂತಮ್ಮ ಮಾತ್ರ ಅವನ ಮುಂದೆ ನಿಂತಳು.

"ಮೊದಲನೇದು ಹೋದ ದಿನಾನ ಹೇಳಿದ್ರ ಎರಡನೇದು ಉಳೀತಿತ್ತಲ್ಲಣ್ಣಾ?"

ಅವಳು ನಾಲ್ಕು ಮರಿಗಳನ್ನು ಮುಂದೆ ಮಾಡಿಕೊಂಡು ಹೊರಟುಹೋದಳು.

ಮುಂದಿನ ಭಾನುವಾರ ಕಾವಲಿಗೆ ಬೇರೆಯವರು ಕೂತರು. ಸಮಾಧಾನಪ್ಪ ಎಲ್ಲರ ಹಿಂದೆ ಕೂತ. ಸಾಕ್ಷಿಯ ಹೊತ್ತಿಗೆ ಕರೆಯದಿದ್ದರೂ ಎದ್ದ. "ಹದಿನಾಲ್ಕು ದಿನ ಆತು. ನಾಳಿಂದು ಗೊತ್ತಿಲ್ಲ," ಎಂದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಜ್ಞಾನಪ್ಪ ಬೇಗ ಬೇಗ ಹಾಡು ಎತ್ತಲು ಬಾಯಿ ತೆರೆದ.

ಆಗ ರೂತಮ್ಮ ತಿರುಗಿಯೂ ನೋಡದೆ ಹೇಳಿದಳು. "ನಾಳೆ ಅಂಜಿಕಿ ಬಂದ್ರ ಗುಂಡಿ ಕಡೆ ಹೋಗಬ್ಯಾಡ. ನನ್ನ ಗೂಡಿನ ಹತ್ತರ ಬಂದು ಕೂಗು. ನಾ ಕ್ಷಮಿಸೇನಿ ಅಂತ ತಿಳ್ಕೋಬ್ಯಾಡ. ನನಗಿನ್ನೂ ಅದು ಆಗವಲ್ದು. ಸ್ವಾಮಿ ಕಡೆ ಬೇಡಾಕತ್ತೇನಿ. ಆದ್ರ ನೀ ಒಬ್ಬನ ಇದ್ರ ಇನ್ಯಾರದಾರ ಮರಿ ಹೋಗತೈತಿ."

ಮರುದಿನ ಮಧ್ಯಾಹ್ನ ಗುಡ್ಡದಾಚೆ ಮತ್ತೆ ಹೊಗೆ ಎದ್ದಿತು. ಸಮಾಧಾನಪ್ಪ ಗುಂಡಿಯ ದಾರಿ ಬಿಟ್ಟು ರೂತಮ್ಮನ ಗೂಡಿನ ಬಳಿ ಹೋಗಿ ಕೂಗಿದ. ಅವಳು ಹೊರಗೆ ಬಂದಳು. ಹೊಗೆ ಕರಗುವವರೆಗೆ ಇಬ್ಬರೂ ಜೊತೆಗೆ ಕೂತಿದ್ದರು.

ನೀತಿ: ಬಿದ್ದದ್ದನ್ನು ಮುಚ್ಚಿಟ್ಟವನಿಗೆ ಅಂಜಿಕೆಯೇ ಒಡೆಯ. ದೇವರ ಮುಂದೆಯೂ ತನ್ನವರ ಮುಂದೆಯೂ ಒಪ್ಪಿಕೊಂಡವನ ಮೇಲೆ ವಂಚಕನ ಆಟ ನಡೆಯದು. ಆದರೆ ಒಪ್ಪಿಕೊಳ್ಳಲು ತಡ ಮಾಡಿದರೆ, ಅದರ ನೋವನ್ನು ಏನೂ ತಪ್ಪು ಮಾಡದವರು ಉಣ್ಣಬೇಕಾಗುತ್ತದೆ.