ಹೊನ್ನಮ್ಮನ ವಡೆ ಅಂಗಡಿ ಪಕ್ಕ

ಮನುಷ್ಯರಿಗೆ ಮನುಷ್ಯರ ಮೇಲೆ ಹೊಟ್ಟೆಕಿಚ್ಚು ಇರೋದು ಸಹಜ. ಬೆಂಗಳೂರಿನ ಪ್ರೊಫೆಸರ್ ಪಂಚಾಕ್ಷರಯ್ಯನವರಿಗೆ ಮಾತ್ರ ಒಂದು ವಡೆ ಅಂಗಡಿ ಮೇಲೆ ಹೊಟ್ಟೆಕಿಚ್ಚು.

ಅವರ ವಿಭಾಗದಲ್ಲಿ ಛಂದಸ್ಸಿನ ಕಾರ್ಯಾಗಾರ ಇತ್ತು. ಪರವೂರಿನ ವಿದ್ವಾಂಸರಿಗೆ ದಾರಿ ತಿಳಿಸಲು ಗುಮಾಸ್ತ ಬರೆದ: ‘ಸ್ಟೇಷನ್ನಿನಲ್ಲಿ ಆಟೋ ಹತ್ತಿ, ಹೊನ್ನಮ್ಮನ ವಡೆ ಅಂಗಡಿ ಅನ್ನಿ. ಪಕ್ಕದ ಕಟ್ಟಡವೇ ನಮ್ಮದು.’

ಪ್ರೊಫೆಸರ್ ಕೆಂಡವಾದರು. “ಇಷ್ಟು ವರ್ಷ ಪಾಠ ಮಾಡಿದವನು ನಾನು, ಆಟೋದವರಿಗೆ ಗೊತ್ತಿರೋದು ಅವಳಾ? ಆ ಅಂಗಡಿ ಹೆಸರು ತೆಗಿ, ನನ್ನ ಹೆಸರು ಹಾಕು! ಇಲ್ಲಾಂದ್ರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ.”

“ಅಂಗಡಿ ಹೆಸರು ತೆಗೆದು ನಿಮ್ಮ ಹೆಸರು ಹಾಕಬೇಕು. ಅಷ್ಟೇ ತಾನೇ ಸಾರ್?”

“ಅಷ್ಟೇ!”

ಗುಮಾಸ್ತ ಕಾಗದದಲ್ಲಿ ಹೆಸರು ಬದಲಾಯಿಸಿದ. ಆಮೇಲೆ ಪೇಂಟರನ್ನು ಕರೆದುಕೊಂಡು ಹೋಗಿ ಅಂಗಡಿಯ ಬೋರ್ಡಿನಲ್ಲೂ ಬದಲಾಯಿಸಿದ. ಹೊನ್ನಮ್ಮ ನಕ್ಕಳು. “ಹೆಸರು ಯಾರದ್ದಾದ್ರೇನು, ಎಣ್ಣೆ ಕಾದಿದ್ರೆ ಸಾಕು.” ತಿಂಗಳಲ್ಲಿ ಊರ ಬಾಯಿಗೂ ಹೊಸ ಹೆಸರು ಹತ್ತಿತು. ಹೊಟ್ಟೆಕಿಚ್ಚಿಗೆ ಆ ಕಡೆ ಕಣ್ಣೆತ್ತಿಯೂ ನೋಡದ ಪ್ರೊಫೆಸರಿಗೆ ಮಾತ್ರ ಇದು ಗೊತ್ತಾಗಲಿಲ್ಲ.

ಕಾರ್ಯಾಗಾರದ ದಿನ ಅತಿಥಿಗಳೆಲ್ಲ ಸಲೀಸಾಗಿ ಬಂದಿಳಿದರು. “ನಿಮ್ಮ ಹೆಸರು ಹೇಳಿದ್ದೇ ತಡ ಸಾರ್, ಆಟೋದವನು ಬಾಯಿ ಚಪ್ಪರಿಸಿದ!” ಅಂದರು ಒಬ್ಬರು.

ಪ್ರೊಫೆಸರ್ ಉಬ್ಬಿಹೋದರು. ಬಾಯಿ ಯಾಕೆ ಚಪ್ಪರಿಸಿದ ಅನ್ನೋದು ಹೊಳೆದದ್ದು ಆಮೇಲೆ. ಕಿಟಕಿಯಿಂದ ಬಗ್ಗಿ ನೋಡಿದರು. ‘ಪಂಚಾಕ್ಷರಯ್ಯ ವಡೆ ಅಂಗಡಿ.’ ಮುಂದೆ ಉದ್ದಾನುದ್ದ ಸಾಲು.

ಬೋರ್ಡು ಕೀಳಲು ಓಡಿದರು. ಸಾಲಿನವರು ಅಡ್ಡ ನಿಂತರು.

“ಬಿಡ್ರಯ್ಯಾ, ನಾನು ಪಂಚಾಕ್ಷರಯ್ಯ!”

“ನಾವೂ ಪಂಚಾಕ್ಷರಯ್ಯಕ್ಕೇ ಬಂದಿರೋದು ಸ್ವಾಮಿ. ಹಿಂದೆ ಹೋಗಿ ನಿಲ್ಲಿ, ಬಿಸಿಬಿಸಿ ಬರ್ತಾ ಇದೆ.”