ವಿದ್ಯಾಪೀಠದ ವೈದ್ಯ ಮತ್ತು ಬಂಡೆಯ ಬಾವಿ

ಶಿಷ್ಯ ಕೇಳಿದ:

"ಗುರುಗಳೇ, ನಾನು ಸಂಶೋಧನೆಗೆಂದು ವಿಶ್ವವಿದ್ಯಾಲಯ ಸೇರಿ ಕೆಲವು ವರ್ಷಗಳಾದವು. ಅಲ್ಲಿ ಒಬ್ಬರು ಇರುವೆಯ ಕಣ್ಣನ್ನು ಅಭ್ಯಾಸ ಮಾಡುತ್ತಾರೆ. ಇನ್ನೊಬ್ಬರು ಈಗ ಯಾರೂ ಆಡದ ಭಾಷೆಗೆ ವ್ಯಾಕರಣ ಬರೆಯುತ್ತಾರೆ. ಮತ್ತೊಬ್ಬರು ಮೋಡ ಹೇಗೆ ಒಡೆಯುತ್ತದೆಂದು ನೋಡುತ್ತ ಕೂತಿದ್ದಾರೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ. ಅರ್ಥವಾಗಬೇಕೆಂದು ಯಾರೂ ಬಯಸಿದಂತೆಯೂ ಇಲ್ಲ. ಇವರನ್ನೆಲ್ಲ ಒಂದೇ ಆವರಣದಲ್ಲಿ ಏಕೆ ಕೂರಿಸಬೇಕು? ಅವರವರ ಪಾಡಿಗೆ ಅವರವರು ಎಲ್ಲಾದರೂ ಇದ್ದಿದ್ದರೆ ಏನು ಕಡಿಮೆಯಾಗುತ್ತಿತ್ತು?"

ಗುರುಗಳು ಈ ಕತೆ ಹೇಳಿದರು.

ಹಿಂದೆ ಒಂದು ವಿದ್ಯಾಪೀಠವಿತ್ತು. ಬೇರೆ ಬೇರೆ ವಿದ್ಯೆ ಬಲ್ಲವರು ಅಲ್ಲಿದ್ದರು. ಅವರಲ್ಲಿ ಧರಣೇಂದ್ರನೆಂಬ ವೈದ್ಯನೊಬ್ಬ. ಮೂಳೆಯ ರೋಗಗಳಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಮುರಿದ ಕೈ ಮುಟ್ಟಿ ನೋಡಿ, ಯಾವಾಗ ಮುರಿಯಿತು, ಹೇಗೆ ಬಿದ್ದದ್ದು ಎಂದು ಹೇಳಬಲ್ಲವನಾಗಿದ್ದ.

ವಿದ್ಯಾಪೀಠದಿಂದ ದೂರದಲ್ಲಿ ಒಂದು ಊರು. ಆ ಊರಿನ ಮಕ್ಕಳಿಗೆ ಕಾಲು ಬಾಗುವ ರೋಗ ಬಂದಿತ್ತು. ಹುಟ್ಟುವಾಗ ಎಲ್ಲ ಮಕ್ಕಳಂತೆಯೇ ಹುಟ್ಟುತ್ತಿದ್ದವು. ನಡೆಯಲು ಕಲಿತ ಮೇಲೆ ಮೆಲ್ಲಗೆ ಮೊಣಕಾಲುಗಳು ಒಳಕ್ಕೆ ಬಾಗುತ್ತಿದ್ದವು. ಹಲ್ಲುಗಳ ಮೇಲೆ ಕಂದು ಕಲೆ ಕಾಣಿಸಿಕೊಳ್ಳುತ್ತಿತ್ತು. ಸುತ್ತಿನ ಊರುಗಳವರು ಇದು ವಂಶದ ದೋಷವೆಂದರು. ಆ ಊರಿಗೆ ಹೆಣ್ಣು ಕೊಡುವುದನ್ನು ನಿಲ್ಲಿಸಿದರು. ಅಲ್ಲಿಂದ ಹೆಣ್ಣು ತರುವುದನ್ನೂ ನಿಲ್ಲಿಸಿದರು.

ಧರಣೇಂದ್ರನಿಗೆ ಸುದ್ದಿ ಮುಟ್ಟಿತು. ಯಾರಾದರೂ ಕರೆಯಲೆಂದು ಅವನು ಕಾಯಲಿಲ್ಲ. ಆ ಊರಿಗೆ ಹೋಗಿ ಒಂದು ಮನೆಯ ಜಗುಲಿಯಲ್ಲಿ ಉಳಿದ. ಮಕ್ಕಳಿಗೆ ಎಣ್ಣೆ ತಿಕ್ಕಿಸಿದ, ಎಳೆಬಿಸಿಲು ಕಾಯಿಸಿದ, ಹಾಲು ಕುಡಿಸಿದ, ಮೂಳೆಗೆ ಬಲ ಬರುವ ಭಸ್ಮ ಕೊಟ್ಟ. ವಿದ್ಯಾಪೀಠಕ್ಕೆ ಹಿಂದಿರುಗಿ ಗ್ರಂಥಗಳನ್ನು ಹುಡುಕಿದ. ಮತ್ತೆ ಹೊಸ ಔಷಧ ಹೊತ್ತು ಬಂದ. ಹೀಗೆ ವರ್ಷಗಳು ಕಳೆದವು. ಒಂದು ಮಗುವಿಗೂ ಗುಣವಾಗಲಿಲ್ಲ.

ಆ ಊರಿನಲ್ಲಿ ಚೌಡವ್ವೆ ಎಂಬ ಕುಂಬಾರಗಿತ್ತಿ ಇದ್ದಳು. ಅವಳ ದೊಡ್ಡ ಮಗಳ ಕಾಲು ಬಾಗಿ ಹೋಗಿತ್ತು. ಅವಳು ಮತ್ತೆ ಬಸುರಿಯಾಗಿದ್ದಳು. ವೈದ್ಯ ಹೊಸದೊಂದು ಪುಡಿಯನ್ನು ಕೊಡಲು ಕೈ ಚಾಚಿದಾಗ ಅವಳು ಅದನ್ನು ತೆಗೆದುಕೊಳ್ಳದೆ ಹೇಳಿದಳು:

"ಸ್ವಾಮಿ, ನೀವು ಕೊಟ್ಟದ್ದನ್ನೆಲ್ಲ ಒಂದು ಹೊತ್ತೂ ತಪ್ಪಿಸದೆ ಮಗಳಿಗೆ ಕೊಟ್ಟಿದ್ದೇನೆ. ಇದನ್ನೂ ಕೊಡುತ್ತೇನೆ. ಆದರೆ ಹೊಟ್ಟೆಯಲ್ಲಿ ಇನ್ನೊಂದು ಇದೆ. ಈ ರೋಗ ಯಾಕೆ ಬರುತ್ತದೆಂದು ನಿಮಗೆ ಗೊತ್ತಿದೆಯೋ ಇಲ್ಲವೋ, ಅಷ್ಟು ಹೇಳಿಬಿಡಿ."

ಧರಣೇಂದ್ರನನ್ನು ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಅವನಿಗೆ ಮುಖ ಎತ್ತಲಾಗಲಿಲ್ಲ.

"ಗೊತ್ತಿಲ್ಲ ತಾಯಿ" ಎಂದ.

ಅವಳು ಸಿಟ್ಟಾಗಲಿಲ್ಲ. ಪುಡಿಯನ್ನು ತೆಗೆದುಕೊಂಡು ಒಳಗೆ ಹೋದಳು. ಅವಳು ಬೈದಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ವಿದ್ಯಾಪೀಠದಲ್ಲಿ ವರ್ಷಕ್ಕೊಮ್ಮೆ ಮಹಾಸಭೆ ಸೇರುತ್ತಿತ್ತು. ಪ್ರತಿಯೊಬ್ಬರೂ ಎದ್ದು ನಿಂತು, ತಾವು ಆ ವರ್ಷ ಕಂಡುಕೊಂಡದ್ದನ್ನು ಹೇಳುವುದು ವಾಡಿಕೆ. ಒಬ್ಬರು ಮಾತನಾಡುವಾಗ ಉಳಿದವರು ತಮ್ಮ ಸರದಿಯ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದರು. ಕೊನೆಗೆ ಎಲ್ಲರೂ ಎಲ್ಲರನ್ನೂ ಹೊಗಳಿ ಊಟಕ್ಕೆ ಏಳುತ್ತಿದ್ದರು.

ಆ ವರ್ಷ ಧರಣೇಂದ್ರನ ಸರದಿ ಬಂತು. ಅವನು ಎದ್ದು ಹೇಳಿದ: "ನಾನು ಕಂಡುಕೊಂಡದ್ದು ಏನೂ ಇಲ್ಲ. ಒಂದು ಊರಿನಲ್ಲಿ ಮಕ್ಕಳ ಕಾಲು ಬಾಗುತ್ತಿದೆ. ಏಕೆಂದು ನನಗೆ ತಿಳಿಯದು. ನನ್ನ ಶಾಸ್ತ್ರದಲ್ಲಿ ಇದ್ದದ್ದೆಲ್ಲ ಮುಗಿಯಿತು. ನಿಮ್ಮಲ್ಲಿ ಯಾರಿಗಾದರೂ ಏನಾದರೂ ತೋಚಿದರೆ ದಯವಿಟ್ಟು ಹೇಳಿ."

ಹಿರಿಯ ವೈದ್ಯನೊಬ್ಬ ಅವನ ಉತ್ತರೀಯ ಹಿಡಿದು ಜಗ್ಗಿ, "ಎಲ್ಲರೆದುರು ವೈದ್ಯಶಾಸ್ತ್ರದ ಮಾನ ತೆಗೆದೆಯಲ್ಲ, ಕೂತುಕೋ" ಎಂದ. ಧರಣೇಂದ್ರ ಕೂರಲಿಲ್ಲ.

ಆಗ ಹಿಂದಿನ ಸಾಲಿನಿಂದ ಗಣಿತ ಬಲ್ಲವನೊಬ್ಬ ಕೇಳಿದ: "ಆ ಊರಿನಲ್ಲಿ ರೋಗ ಯಾರಿಗೆ ಬಂದಿಲ್ಲ?"

ಧರಣೇಂದ್ರ ರೋಗವಿದ್ದವರನ್ನು ಮಾತ್ರ ನೋಡಿದ್ದ. ರೋಗವಿಲ್ಲದವರ ಮನೆಯ ಬಾಗಿಲನ್ನು ಒಮ್ಮೆಯೂ ತಟ್ಟಿರಲಿಲ್ಲ.

ಗಣಿತದವನು ಅವನೊಂದಿಗೆ ಹೊರಟ. ಆ ಸೀಮೆಯ ಹಳಬರ ಮಾತು ಹೊರಗಿನವರಿಗೆ ಸುಲಭವಾಗಿ ತಿಳಿಯುವಂಥದಲ್ಲ. ಆದ್ದರಿಂದ ಆಡುಮಾತುಗಳನ್ನು ಅಭ್ಯಾಸ ಮಾಡುತ್ತಿದ್ದ ಒಬ್ಬನನ್ನು ಕರೆದುಕೊಂಡರು. ಅವನು ಹೊಲಗಳ ಹೆಸರು, ಹಳ್ಳಗಳ ಹೆಸರು, ಗುಡ್ಡಗಳ ಹೆಸರು ಕೂಡಿಸುವವನು. ವಿದ್ಯಾಪೀಠದಲ್ಲಿ ಅವನ ಕೆಲಸವನ್ನು ಕೆಲಸವೆಂದು ಕರೆಯುವವರೇ ಕಡಿಮೆ ಇದ್ದರು.

ಮೂವರೂ ಮನೆ ಮನೆಗೆ ಹೋದರು. ಮುದುಕರ ಕಾಲುಗಳು ನೆಟ್ಟಗಿದ್ದವು. ಅವರ ಹಲ್ಲಿನಲ್ಲಿ ಆ ಕಲೆ ಇರಲಿಲ್ಲ. ಬೇರೆ ಊರಲ್ಲಿ ಹುಟ್ಟಿ ಬೆಳೆದು ಮೊದಲೇ ಸೊಸೆಯರಾಗಿ ಬಂದವರಲ್ಲೂ ಇರಲಿಲ್ಲ. ಕುರಿ ಹೊಡೆದುಕೊಂಡು ವರ್ಷದ ಬಹುಪಾಲು ಹೊರಗೇ ಇರುವವರ ಮಕ್ಕಳು ಜಿಂಕೆಯಂತೆ ಓಡುತ್ತಿದ್ದರು. ಹೆಂಗಸರ ಮುಂದೆ, ಮುದುಕರ ಮುಂದೆ ಕೂತು ಕೇಳುತ್ತ ಹೋದಂತೆ ಒಂದು ಮಾತು ಗಟ್ಟಿಯಾಯಿತು. ಇದು ವಂಶದಲ್ಲಿ ಬಂದದ್ದಲ್ಲ. ಈ ಊರಿನಲ್ಲಿ ಬೆಳೆದವರಿಗೆ, ಅದೂ ಒಂದು ತಲೆಮಾರಿನಿಂದ ಈಚೆಗೆ ಬೆಳೆದವರಿಗೆ ಮಾತ್ರ ಬಂದದ್ದು.

"ಒಂದು ತಲೆಮಾರಿನ ಹಿಂದೆ ಇಲ್ಲಿ ಏನಾಯಿತು?" ಎಂದು ಕೇಳಿದರು.

"ಹಳ್ಳ ಬತ್ತಿತು. ಬಾವಿ ಬಂತು" ಎಂದರು ಮುದುಕರು.

ಆ ಬಾವಿ ಊರಿನ ನಡುವೆ ಇತ್ತು. ಬಂಡೆಯನ್ನು ಒಡೆದು ಆಳಕ್ಕೆ ಇಳಿಸಿದ್ದ ಬಾವಿ. ಯಾವ ಬೇಸಿಗೆಗೂ ಬತ್ತದು. ನೀರು ಕನ್ನಡಿಯಂತೆ ತಿಳಿ, ಕುಡಿದರೆ ಸಿಹಿ. ಅದನ್ನು ತೋಡಿಸಿದವನು ಬೊಮ್ಮಿಸೆಟ್ಟಿ ಎಂಬ ವರ್ತಕ. ಹಳ್ಳ ಬತ್ತಿದ ವರ್ಷ ಅವನ ತಾಯಿ ದೂರದ ಹೊಳೆಯಿಂದ ನೀರು ಹೊತ್ತು ತರುವಾಗ ದಾರಿಯಲ್ಲೇ ಬಿದ್ದು ಸತ್ತಿದ್ದಳು. ಅವನು ವ್ಯಾಪಾರವನ್ನೆಲ್ಲ ಬದಿಗಿಟ್ಟು, ತನ್ನದೆನ್ನುವುದೆಲ್ಲವನ್ನೂ ಸುರಿದು ಬಾವಿ ತೆಗೆಸಿದ. ಊರವರು ಅದನ್ನು ತಾಯಿಬಾವಿ ಎಂದರು.

ಧರಣೇಂದ್ರ ವಿದ್ಯಾಪೀಠಕ್ಕೆ ಹಿಂದಿರುಗಿದ. ಅಲ್ಲಿ ಕಲ್ಲುಗಳನ್ನು ಅಭ್ಯಾಸ ಮಾಡುವ ವಿದುಷಿಯೊಬ್ಬಳಿದ್ದಳು. ಯಾವ ಕಲ್ಲು ನೀರಿನಲ್ಲಿ ಎಷ್ಟು ಕರಗುತ್ತದೆಂದು ನೋಡುವುದರಲ್ಲೇ ಅವಳ ತಲೆ ನೆರೆತಿತ್ತು. ಅವಳ ಕೋಣೆಯ ಮುಂದೆ ಧರಣೇಂದ್ರ ದಿನವೂ ಹಾದು ಹೋಗುತ್ತಿದ್ದ. ಒಳಗೆ ಕಾಲಿಟ್ಟದ್ದು ಅದೇ ಮೊದಲು.

ಅವಳು ಎಲ್ಲವನ್ನೂ ಕೇಳಿದಳು. ಮರುದಿನವೇ ಹೊರಟಳು. ವಯಸ್ಸನ್ನು ಲೆಕ್ಕಿಸದೆ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಬಾವಿಗೆ ಇಳಿದಳು. ಬಂಡೆಯ ಪದರಗಳನ್ನು ಕೈಯಿಂದ ಸವರುತ್ತ ಕೆಳಗೆ ಹೋದಳು. ಮೇಲೆ ಬಂದಾಗ ಅವಳ ಅಂಗೈಯಲ್ಲಿ ನೇರಳೆ ಬಣ್ಣದ ಚೂರೊಂದಿತ್ತು.

"ಈ ಕಲ್ಲು ನೀರಿಗೆ ತನ್ನ ಸತ್ತ್ವವನ್ನು ಬಿಡುತ್ತದೆ. ನಾಲಿಗೆಗೆ ತಿಳಿಯದು, ಕಣ್ಣಿಗೆ ಕಾಣದು. ಮೂಳೆಗೆ ಅದು ಏನು ಮಾಡುತ್ತದೆಂದು ನಾನು ಹೇಳಲಾರೆ. ಅದು ನಿನ್ನ ವಿದ್ಯೆ" ಎಂದಳು ಧರಣೇಂದ್ರನಿಗೆ.

ಇನ್ನು ಬೊಮ್ಮಿಸೆಟ್ಟಿಗೆ ಹೇಳಬೇಕು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂಥ ಮಾತನ್ನು ಹೇಗೆ ಹೇಳುವುದೆಂದು ಅವರ ಯಾವ ಶಾಸ್ತ್ರದಲ್ಲೂ ಇರಲಿಲ್ಲ. ಕೊನೆಗೆ ಧರಣೇಂದ್ರ ಒಬ್ಬನೇ ಅವನ ಮನೆಗೆ ಹೋಗಿ, ಇದ್ದದ್ದನ್ನು ಇದ್ದಂತೆ ಹೇಳಿದ.

"ನನ್ನ ತಾಯಿಯ ಹೆಸರಿನಲ್ಲಿ ಊರಿಗೆ ವಿಷ ಕುಡಿಸಿದೆ ಎನ್ನುತ್ತೀರಾ?" ಎಂದ ಬೊಮ್ಮಿಸೆಟ್ಟಿ.

"ನೀವು ನೀರು ಕೊಟ್ಟಿರಿ ಸೆಟ್ಟರೇ. ಬಂಡೆಯೊಳಗೆ ಏನಿದೆ ಎಂದು ನಿಮಗೆ ತಿಳಿದಿರಲಿಲ್ಲ, ನಮಗೂ ತಿಳಿದಿರಲಿಲ್ಲ."

"ಈಗ ನಿಮಗೆ ಖಂಡಿತವಾಗಿ ಗೊತ್ತೋ?"

ಹೌದು ಎಂದುಬಿಡುವುದು ಸುಲಭವಿತ್ತು. ಧರಣೇಂದ್ರ ಹಾಗೆನ್ನಲಿಲ್ಲ. "ಪೂರ್ತಿ ಗೊತ್ತಿಲ್ಲ. ಈಗ ಹುಟ್ಟುವ ಮಕ್ಕಳು ಬೇರೆ ನೀರು ಕುಡಿದು ಬೆಳೆದರೆ ಅವರ ಕಾಲು ಹೇಳಬೇಕು. ಅಲ್ಲಿಯವರೆಗೆ ಇದು ನಮ್ಮ ಊಹೆ" ಎಂದ.

ಖಂಡಿತ ಎಂದಿದ್ದರೆ ಬೊಮ್ಮಿಸೆಟ್ಟಿ ವೈದ್ಯನನ್ನು ಮನೆಯಿಂದ ಹೊರಗೆ ಹಾಕುತ್ತಿದ್ದನೋ ಏನೋ. ಊಹೆ ಎಂದದ್ದರಿಂದ ಅವನು ಎದ್ದು ಗಾಡಿ ಕಟ್ಟಿಸಿದ.

ಹೊಳೆ ದೂರ. ಇಡೀ ಊರಿಗೆ ಅಲ್ಲಿಂದ ನೀರು ತರಲಾಗದು. ಬಸುರಿಯರು, ಬಾಣಂತಿಯರು, ಹಸುಗೂಸುಗಳು ಇದ್ದ ಮನೆಗಳಿಗೆ ಮಾತ್ರ ತರಲು ನಿಶ್ಚಯವಾಯಿತು. ದಿನವೂ ಬೊಮ್ಮಿಸೆಟ್ಟಿ ತಾನೇ ಗಾಡಿಯ ಜೊತೆಗೆ ಹೋಗುತ್ತಿದ್ದ. ತನ್ನ ತಾಯಿ ಬಿದ್ದ ದಾರಿಯಲ್ಲೇ ಹೋಗಿ, ಅದೇ ದಾರಿಯಲ್ಲೇ ಬರುತ್ತಿದ್ದ. ಕೆಲವು ಮನೆಯವರು ನಂಬಲಿಲ್ಲ. ಸಿಹಿನೀರು ಅಂಗಳದಲ್ಲಿರುವಾಗ ಹೊಳೆಯ ಬಗ್ಗಡ ಏಕೆಂದು ಬಾವಿಯ ನೀರನ್ನೇ ಕುಡಿದರು. ಗಣಿತದವನು ಆ ಮನೆಗಳಿಗೂ ಹೋಗಿ ಬರುತ್ತಿದ್ದ. ಯಾರನ್ನೂ ಜರೆಯಲಿಲ್ಲ.

ಚೌಡವ್ವೆಗೆ ಎರಡನೆಯದೂ ಹೆಣ್ಣೇ ಹುಟ್ಟಿತು. ಹೊಳೆಯ ನೀರು ಕುಡಿದು ಬೆಳೆಯಿತು. ಎದ್ದು ನಿಂತಿತು, ನಡೆಯಿತು. ಧರಣೇಂದ್ರ ಬಂದಾಗಲೆಲ್ಲ ಮೊದಲು ಅದರ ಮೊಣಕಾಲು ನೋಡುತ್ತಿದ್ದ. ಮಳೆಗಾಲಗಳು ಬಂದು ಹೋದವು. ಬಾವಿಯ ನೀರು ಕುಡಿದ ಅದರ ಓರಗೆಯವರ ಕಾಲು ಬಾಗತೊಡಗಿತು. ಅದರ ಕಾಲು ಬಾಗಲಿಲ್ಲ. ಹೊಳೆಯ ನೀರು ಕುಡಿದ ಯಾವ ಮಗುವಿನ ಕಾಲೂ ಬಾಗಲಿಲ್ಲ.

ಅದು ಖಚಿತವಾದ ದಿನ ಬೊಮ್ಮಿಸೆಟ್ಟಿ ತಾನೇ ಹೋಗಿ ಬಾವಿಯ ಹಗ್ಗ ಬಿಚ್ಚಿದ. ಯಾರೂ ಇದರ ನೀರು ಕುಡಿಯಬಾರದೆಂದು ಊರನ್ನು ಕರೆದು ಹೇಳಿದ. ಹೇಳುವಾಗ ಅತ್ತ. ಊರೂ ಅತ್ತಿತು.

ಆದರೆ ಕುಡಿಯುವುದಕ್ಕೆ ನೀರೆಲ್ಲಿ?

ಆಡುಮಾತಿನವನು ಅಷ್ಟರಲ್ಲಿ ಆ ಊರಿನ ಹೊಲಗಳ ಹೆಸರನ್ನೆಲ್ಲ ಕೂಡಿಸಿಕೊಂಡಿದ್ದ. ಅವನು ಅಳುಕುತ್ತಲೇ ಕೇಳಿದ: "ನಿಮ್ಮ ಊರಿಗೆ ಕೆರೆಯಿಲ್ಲ. ಆದರೂ ಒಂದು ಹೊಲವನ್ನು ಕೋಡಿಹೊಲ ಎನ್ನುತ್ತೀರಿ. ಆಚೆಯ ಬಂಡೆಯನ್ನು ತೂಬಿನಕಲ್ಲು ಎನ್ನುತ್ತೀರಿ. ಕೆರೆಯೇ ಇಲ್ಲದ ಊರಿಗೆ ಕೋಡಿ ಎಲ್ಲಿಂದ ಬಂತು, ತೂಬು ಎಲ್ಲಿಂದ ಬಂತು?"

ಯಾರಿಗೂ ಗೊತ್ತಿರಲಿಲ್ಲ. ಹಿಂದಿನಿಂದ ಹಾಗೆನ್ನುತ್ತಿದ್ದರು, ತಾವೂ ಹಾಗೆಂದರು. ಮುದುಕರ ಅಜ್ಜಂದಿರ ಕಾಲದಲ್ಲೂ ಅಲ್ಲಿ ಹೊಲವೇ ಇತ್ತು. ಎಲ್ಲರೂ ಹೋಗಿ ನೋಡಿದರು. ದಿಣ್ಣೆಯೆಂದು ತಿಳಿದು ದಿನವೂ ತುಳಿಯುತ್ತಿದ್ದುದು ಕೆರೆಯ ಏರಿಯಾಗಿತ್ತು. ತೂಬಿನಕಲ್ಲಿನ ಬುಡದಲ್ಲಿ ಅಗೆದಾಗ ತೂಬಿನ ಬಾಯಿ ಸಿಕ್ಕಿತು. ಹೂಳು ತುಂಬಿ ಕೆರೆ ಹೊಲವಾಗಿತ್ತು. ಊರು ಅದನ್ನು ಮರೆತಿತ್ತು. ಮಾತು ಮಾತ್ರ ಮರೆತಿರಲಿಲ್ಲ.

ಊರವರು ಹೂಳೆತ್ತಿದರು. ಆ ಹೊಲಗಳ ಒಡೆಯರಿಗೆ ಊರವರೇ ಬೇರೆ ಕಡೆ ನೆಲ ಬಿಟ್ಟುಕೊಟ್ಟರು. ವಿದುಷಿ ಆ ನೆಲದ ಕಲ್ಲನ್ನೂ ನೋಡಿ ಒಪ್ಪಿದಳು. ಮಳೆ ಬಂದಾಗ ಕೆರೆ ತುಂಬಿತು.

ಚೌಡವ್ವೆಯ ದೊಡ್ಡ ಮಗಳ ಕಾಲು ನೆಟ್ಟಗಾಗಲಿಲ್ಲ. ಬಾಗಿದ ಮೂಳೆ ಹಿಂದಕ್ಕೆ ಬರುವುದಿಲ್ಲವೆಂದು ಧರಣೇಂದ್ರನೇ ತಾಯಿ ಮಗಳಿಬ್ಬರಿಗೂ ಹೇಳಿದ. ಹೇಳದೆ ಹೋಗಬಹುದಿತ್ತು, ಹೋಗಲಿಲ್ಲ. ದೊಡ್ಡ ಮಗಳು ಹೇಳಿದಳು: "ತಂಗಿಯನ್ನು ಹಿಡಿಯುವುದಕ್ಕೆ ನನ್ನಿಂದ ಆಗುವುದಿಲ್ಲ ಸ್ವಾಮಿ. ಅಷ್ಟು ಓಡುತ್ತಾಳೆ." ಅದನ್ನು ಹೇಳುವಾಗ ಅವಳು ನಗುತ್ತಿದ್ದಳು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯನ ಕಣ್ಣು ತೇವವಾಗಿತ್ತು. "ಈಗ ತಿಳಿಯಿತು ಗುರುಗಳೇ" ಎಂದ. "ಎಂಥ ವಿದ್ಯಾವಂತರು! ಅವರೆಲ್ಲ ಒಂದೇ ಆವರಣದಲ್ಲಿ ಇದ್ದದ್ದರಿಂದ ಒಂದು ಊರು ಉಳಿಯಿತು. ನಮ್ಮಲ್ಲಿಯೂ ಅಂಥವರು ಇದ್ದಾರೆ."

"ಇದ್ದಾರೆ. ಅವರಲ್ಲಿ ಯಾರ ಬಳಿ ಹೋಗಿ ನೀನು, ನನಗೆ ಇಂಥದು ತಿಳಿಯದು ಎಂದಿದ್ದೀಯೆ?" ಎಂದರು ಗುರುಗಳು.