ಸಿಂಹದ ಜವಳ

ಒಂದೂರಿನ ದೇಸಾಯರು ಎಲ್ಲಿಂದಲೋ ಸಿಂಹ ತಂದು ವಾಡೆಯಲ್ಲಿ ಸಾಕಿದರು. ಅದು ಗರ್ಜಿಸಿದರೆ ಊರಿನ ಎಮ್ಮೆಗಳು ಹಾಲು ಕೊಡುತ್ತಿರಲಿಲ್ಲ. ಜನ ಬಂದು ಬೇಡಿಕೊಂಡರೆ ದೇಸಾಯರ ಹೆಂಡತಿಯ ತಮ್ಮ ಬಸನಗೌಡ ಮೀಸೆ ತಿರುವುತ್ತಿದ್ದ. "ನಮ್ಮ ಮನಿ, ನಮ್ಮ ಸಿಂಹ. ನಿಮಗೇನ ತ್ರಾಸು?"

ಒಂದು ದಿನ ದೇಸಾಯರು ಕ್ಷೌರದ ಈರಪ್ಪನನ್ನು ಕರೆಸಿದರು.

"ನಾಳೆ ಬೀಗರು ಬರ್ತಾರ. ಸಿಂಹದ ಕೂದಲಾ ಚಂದಾಗಿ ಕತ್ತರಿಸು. ಹೆದರಬ್ಯಾಡ, ಅದು ನನ್ನ ಮಗ ಇದ್ದಂಗ."

ಈರಪ್ಪ ಕತ್ತರಿ ಒರೆಸುತ್ತಾ ಕೇಳಿದ, "ಇದು ಮೊದಲನೇ ಕ್ಷೌರ ಏನ್ರಿ?"

"ಹೌದು."

"ಹಂಗಾದ್ರ ಇದು ಮಗನ ಜವಳ ಆತ್ರಿ, ಧಣಿ. ಸೋದರಮಾವ ತೊಡಿ ಮ್ಯಾಲ ಕುಂದ್ರಿಸಿಕೋಬೇಕು. ಪದ್ಧತಿ ಬಿಡಾಕ ಬರೂದಿಲ್ಲ."

ಎಲ್ಲರೂ ಬಸನಗೌಡನ ಕಡೆ ನೋಡಿದರು. ಸಿಂಹವೂ ನೋಡಿ ಆಕಳಿಸಿತು.

ದೇಸಾಯರಿಗೆ ಮಾತು ಹಿಡಿಸಿತು. "ಖರೇ ಐತಿ. ಬಾ ಬಸಣ್ಣ, ಕುಂದ್ರು."

ಬಸನಗೌಡ ಕಂಬ ತಬ್ಬಿಕೊಂಡ. "ಭಾವಾರ, ಕಾಡಪ್ರಾಣಿನ ಮನ್ಯಾಗ ಸಾಕೂದು ಪಾಪ ಅಂತ ನಾ ಮೊದಲಿಂದ ಹೇಳಕೋತ ಬಂದೀನಿ. ಇವತ್ತೇ ಕಳಸೂಣು."

ಸಂಜೆಗೆ ತಾನೇ ಲಾರಿ ತರಿಸಿ ಸಿಂಹವನ್ನು ಮೃಗಾಲಯಕ್ಕೆ ಸಾಗಿಸಿದ. ದೇಸಾಯರು ಬಾಗಿಲಲ್ಲಿ ನಿಂತು ಅತ್ತರು.

ಈರಪ್ಪ ಸಮಾಧಾನ ಹೇಳಿದ, "ಅಳಬ್ಯಾಡ್ರಿ, ಧಣಿ. ಅಲ್ಲಿ ಅದಕ್ಕ ಖರೇ ಸೋದರಮಾವಂದಿರು ಅದಾರ."